ಹಿತ್ತಲಿನ ಸ್ಟೇಕ್‌ಹೌಸ್

"ಅಪ್ಪಾ, ಮೊಟ್ಟೇನ ಸುಮ್ನೆ ಎಸೆಯೋದಲ್ಲ. ಸಟ್ಟುಗದ ಮೇಲೆ ಗಿರಗಿರ ತಿರುಗಿಸಬೇಕು, ಮೇಲಕ್ಕೆ ಹಾರಿಸಬೇಕು, ಕೆಳಗೆ ಬರೋವಾಗ ಅದೇ ಸಟ್ಟುಗದ ಅಂಚಿಗೆ ಟಕ್ ಅಂತ ಒಡೀಬೇಕು," ಅಂದಳು ಕೆಂಡ್ರಾ.

"ಗೊತ್ತು ತಾಯಿ. ನೀನು ಹುಟ್ಟೋಕೆ ಮುಂಚೆಯಿಂದ ನಾನು ಸ್ಟೇಕ್‌ಹೌಸ್ ನೋಡಿದೀನಿ," ಅಂದ ಅಪ್ಪ. ಮೊಟ್ಟೆ ಹಾರಿಸಿದ. ಅದು ಸಟ್ಟುಗ ಬಿಟ್ಟು ಅವನ ಬೂಟಿನ ಮೇಲೆ ಪಚಕ್ಕನೆ ಬಿತ್ತು.

ಕೆಂಡ್ರಾಳಿಗೆ ನಗುವೂ ಬಂತು, ಅಳುವೂ ಬಂತು. ಈವತ್ತು ಅವಳ ಹುಟ್ಟುಹಬ್ಬ. ಕ್ಲಾಸಿನ ಗೆಳತಿ ಟೆಸ್ಸಾ ಬರುವ ಹೊತ್ತಾಗಿತ್ತು. ಶೋ ಮಾಡಬೇಕಾದ ಅಪ್ಪ ನೋಡಿದರೆ ಬೂಟು ಒರೆಸುತ್ತ ಕೂತಿದ್ದ.

ಅಮೆರಿಕದ ಈ ವಾಲ್ಡೋಸ್ಟಾ ಊರಿನಲ್ಲಿ ಯಾವ ಮಗುವಿನ ಹುಟ್ಟುಹಬ್ಬ ಬಂದರೂ ಹೈವೇ ಪಕ್ಕದ ಜಪಾನಿ ಸ್ಟೇಕ್‌ಹೌಸಿಗೇ ಹೋಗಬೇಕು. ಅಲ್ಲಿ ಬಿಸಿ ಕಾವಲಿಯ ಸುತ್ತ ಎಲ್ಲರೂ ಕೂರುತ್ತಾರೆ. ಅಡುಗೆಯವನು ಸ್ಟೀಲ್ ಸಟ್ಟುಗಗಳನ್ನು ಟಣಟಣ ಕುಟ್ಟುತ್ತ ಕಣ್ಣೆದುರೇ ಫ್ರೈಡ್ ರೈಸ್ ಮಾಡುತ್ತಾನೆ. ಈರುಳ್ಳಿ ಬಿಲ್ಲೆಗಳನ್ನು ಗೋಪುರದ ಹಾಗೆ ಪೇರಿಸಿ ಭಗ್ ಅಂತ ಬೆಂಕಿ ಹಚ್ಚುತ್ತಾನೆ. ಕೊನೆಗೆ ಜಾಗಟೆ ಬಾರಿಸಿ ಎಲ್ಲರೂ ಸೇರಿ ಹಾಡುತ್ತಾರೆ. ಸೋಮವಾರ ಕ್ಲಾಸಿನಲ್ಲಿ ಬರೀ ಅದೇ ಮಾತು.

ಕೆಂಡ್ರಾಳ ಮನೆಯವರೂ ಅಲ್ಲಿಗೇ ಹೋಗುತ್ತಿದ್ದರು. ಆದರೆ ಹೋದ ವರ್ಷ ಅಪ್ಪನ ಹುಟ್ಟುಹಬ್ಬದ ದಿನ ಜಾಗಟೆ ಬಾರಿಸಿದ್ದೇ ತಡ, ಅವಳ ತಮ್ಮ ಓಟಿಸ್ ಕಿರುಚುತ್ತ ಬಾಗಿಲಾಚೆ ಓಡಿಬಿಟ್ಟ. ಹೊರಗೆ ಒಂದು ಕಾರು ಕಿರ್ರನೆ ಬ್ರೇಕ್ ಹಾಕಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಅಮ್ಮ ಮಾತ್ರ ಅವನನ್ನು ತಬ್ಬಿಕೊಂಡು ಪಾರ್ಕಿಂಗಿನ ನೆಲದ ಮೇಲೇ ಕೂತುಬಿಟ್ಟಳು. ಆಮೇಲೆ ಅವರು ಯಾರೂ ಆ ಕಡೆ ತಲೆ ಹಾಕಿಲ್ಲ.

ಓಟಿಸ್‌ಗೆ ಏಳು ವರ್ಷ. ಜೋರು ಸದ್ದು ಅವನಿಗೆ ಆಗುವುದಿಲ್ಲ. ಕುಕ್ಕರ್, ಮಿಕ್ಸಿ, ನಾಯಿ ಬೊಗಳುವುದು, ಯಾವುದೂ ಆಗದು. ಕಿವಿ ಪೂರ್ತಿ ಮುಚ್ಚುವ ನೀಲಿ ಹೆಡ್‌ಫೋನ್ ಯಾವಾಗಲೂ ಅವನ ಕುತ್ತಿಗೆಯಲ್ಲಿ ಇರುತ್ತದೆ. ಅವನ ಸ್ಕೂಲು ಕೂಡ ಬೇರೆ.

ಹಾಗಾಗಿ ಈ ಸಲ ಪಾರ್ಟಿ ಹಿತ್ತಲಿನಲ್ಲಿ. ಅಪ್ಪನ ಹತ್ತಿರ ದೊಡ್ಡ ಗ್ಯಾಸ್ ಕಾವಲಿ ಇತ್ತು. ಬೆಣ್ಣೆಗೆ ಬೆಳ್ಳುಳ್ಳಿ ಕಲಸಿಟ್ಟಾಗಿತ್ತು. ಫ್ರೈಡ್ ರೈಸ್ ಮೇಲೆ ಸುರಿದುಕೊಂಡು ಎಲ್ಲರೂ ಬಾಯಿ ಚಪ್ಪರಿಸುವ ವೈಟ್ ಸಾಸನ್ನು ಅಮ್ಮ ಮಾಡಿಟ್ಟು ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ಕೇಕ್ ಹೊತ್ತಿಗೆ ಬರುತ್ತೇನೆ ಅಂದಿದ್ದಳು. ನಿನ್ನೆ ಮಾಡಿದ ಅನ್ನವನ್ನು ಅಗಲವಾದ ಟ್ರೇನಲ್ಲಿ ಹರಡಿ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಇದಕ್ಕೆ ತಂಗಳನ್ನವೇ ಆಗಬೇಕು. ಒಂದು ಸಲ ಅಪ್ಪ ಬಿಸಿ ಅನ್ನವನ್ನೇ ಕಾವಲಿಗೆ ಸುರಿದು ಗಂಜಿ ಮಾಡಿಟ್ಟಿದ್ದ.

ಓಟಿಸ್ ಅದನ್ನು ಮರೆತಿರಲಿಲ್ಲ. ಈಗ ಟ್ರೇ ಮುಂದೆ ಕೂತು ಅನ್ನದ ಗಂಟುಗಳನ್ನು ಬೆರಳಿನಿಂದ ಬಿಡಿಸುತ್ತಿದ್ದ. ಒಂದೊಂದು ಅಗುಳೂ ಬೇರೆ ಆಗುವವರೆಗೂ ಬಿಡುವವನಲ್ಲ.

"ಅಪ್ಪಾ, ಗಂಜಿ ಮಾಡಬೇಡ," ಅಂದ.

"ಇಲ್ಲ ಕಣೋ. ಎಷ್ಟು ಸಲ ಹೇಳ್ತೀಯ?"

"ನೀನು ಮಾಡಿದ್ದೆ."

ಓಟಿಸ್ ಪಾರ್ಟಿಯಲ್ಲಿ ಇರುವುದಿಲ್ಲ ಅನ್ನುವುದು ಕೆಂಡ್ರಾಳಿಗೆ ಗೊತ್ತಿತ್ತು. ಅವಳೇ ಕೇಳಿದ್ದಳು. "ಒಂದೇ ಒಂದು ಸಂಜೆ ಅವನು ಲವೊನ್ ಅತ್ತೆ ಮನೇಲಿ ಇರಲಿ. ಇದು ನನ್ನ ಬರ್ತ್‌ಡೇ ಅಲ್ವಾ?" ಅಂದಿದ್ದಳು. ಅಪ್ಪ ಅವಳ ಮುಖವನ್ನೇ ನೋಡಿದ್ದ. ಆಮೇಲೆ, "ಸರಿ, ನಿನ್ನಿಷ್ಟ," ಅಂದಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇನ್ನೊಂದು ಸಂಗತಿ ಅಪ್ಪನಿಗೂ ಗೊತ್ತಿರಲಿಲ್ಲ. ಟೆಸ್ಸಾ ಈ ಊರಿಗೆ ಹೊಸಬಳು, ಕೆಂಡ್ರಾಳ ಪಕ್ಕದಲ್ಲೇ ಕೂರುತ್ತಾಳೆ. "ನಿಂಗೆ ಬ್ರದರ್, ಸಿಸ್ಟರ್ ಯಾರಾದ್ರೂ ಇದಾರಾ?" ಎಂದು ಅವಳು ಕೇಳಿದಾಗ ಕೆಂಡ್ರಾ "ಊಹೂಂ" ಅಂದುಬಿಟ್ಟಿದ್ದಳು. ಅದು ಹೇಗೆ ಬಾಯಿಂದ ಬಂತೋ ಅವಳಿಗೇ ತಿಳಿಯದು.

ಗೇಟಿನಲ್ಲಿ ಅತ್ತೆಯ ಕಾರು ನಿಂತಿತು. ಲವೊನ್ ಅತ್ತೆ ಅಪ್ಪನ ಅಕ್ಕ. ಅವಳ ಬಾಯಿಗೆ ಬಿಡುವೇ ಇಲ್ಲ.

"ಎಲ್ಲಿ ನನ್ನ ಗಿರಾಕಿ? ಬೂಟು ಹಾಕ್ಕೊಂಡ್ನಾ? ಬಾರೋ ರಾಜಾ, ಮನೇಲಿ ಮೀನು ಹುರಿದಿದೀನಿ, ಬಿಸಿ ಇರುವಾಗಲೇ ತಿನ್ನುವಿಯಂತೆ."

ಓಟಿಸ್ ಅನ್ನದಿಂದ ಕೈ ತೆಗೆದು ಅತ್ತೆಯನ್ನು ನೋಡಿದ, ಕಾವಲಿಯನ್ನು ನೋಡಿದ, ಕೊನೆಗೆ ಕೆಂಡ್ರಾಳನ್ನು ನೋಡಿದ.

"ಅಕ್ಕ, ರೈಸ್ ಇನ್ನೂ ಆಗಿಲ್ವಲ್ಲ."

"ನಿಂಗೆ ಡಬ್ಬೀಲಿ ಕಳಿಸ್ತೀನಿ."

"ಡಬ್ಬೀಲಿ ಬೇಡ. ಕಾವಲಿ ಹತ್ತಿರ ತಟ್ಟೆ ಹಿಡೀಬೇಕು. ಅಪ್ಪ ಕೆರೆದು ಹಾಕಬೇಕು. ಹಂಗೇ ತಿನ್ನೋದು."

"ಓಟಿಸ್, ಹಟ ಮಾಡಬೇಡ. ಹೋಗು."

ಅವನು ಹಟ ಮಾಡಲಿಲ್ಲ. ಎದ್ದು ಅವಳ ಹತ್ತಿರ ಬಂದು, ಗುಟ್ಟು ಹೇಳುವವನ ಹಾಗೆ ಮೆಲ್ಲಗೆ ಅಂದ, "ಅಕ್ಕ, ನಾನು ಸದ್ದು ಮಾಡಲ್ಲ."

"ಏನು?"

"ಸ್ಟೇಕ್‌ಹೌಸಲ್ಲಿ ಕಿರುಚಿದ್ನಲ್ಲ. ತುಂಬಾ ಸದ್ದು ಮಾಡ್ದೆ. ಅದಕ್ಕೇ ನಮ್ಮನ್ನ ಅಲ್ಲಿಗೆ ಸೇರಿಸಲ್ಲ. ಈವತ್ತು ಮಾಡಲ್ಲ. ನೋಡು." ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತೋರಿಸಿದ. ಅಂಗೈಗೆ ಅಂಟಿದ್ದ ಅನ್ನದ ಅಗುಳು ಮೂಗಿಗೆ ಮೆತ್ತಿತು.

ಕೆಂಡ್ರಾ ಅವನ ಮೂಗಿನ ಮೇಲಿನ ಅಗುಳು ತೆಗೆದಳು. ಸದ್ದಿಗೆ ಹೆದರಿ ಓಡಿದವನು ಸದ್ದು ಮಾಡಿದ್ದು ತಾನೇ ಅಂದುಕೊಂಡಿದ್ದ. ಇಷ್ಟು ದಿನ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಓಡಾಡಿದ್ದ.

ಅಷ್ಟರಲ್ಲಿ ಗೇಟು ತಳ್ಳಿಕೊಂಡು ಟೆಸ್ಸಾ ಬಂದೇಬಿಟ್ಟಳು. ಕೈಯಲ್ಲಿ ಗಿಫ್ಟು, ತಲೆಯಲ್ಲಿ ಎರಡು ಜುಟ್ಟು. ಬಾಯಿ ಮುಚ್ಚಿಕೊಂಡು ನಿಂತಿದ್ದ ಓಟಿಸ್‌ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರಿವನು?"

ಅಪ್ಪ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ.

"ನನ್ನ ತಮ್ಮ. ಓಟಿಸ್ ಅಂತ," ಅಂದಳು ಕೆಂಡ್ರಾ.

"ಯಾರೂ ಇಲ್ಲ ಅಂದಿದ್ದೆ?"

"ಸುಳ್ಳು ಹೇಳಿದ್ದೆ."

ಕೆಂಡ್ರಾಳ ಕಿವಿಯೆಲ್ಲ ಬಿಸಿಯಾಯಿತು. ಅಪ್ಪನ ಕಡೆ ತಿರುಗುವ ಧೈರ್ಯ ಬರಲಿಲ್ಲ. ಟೆಸ್ಸಾ ಸ್ವಲ್ಪ ಯೋಚಿಸಿದಳು.

"ನಂಗೆ ಇಬ್ಬರು ಅಣ್ಣಂದಿರು. ಮಹಾ ತರಲೆಗಳು. ಅವರು ಇಲ್ಲ ಅಂತ ಹೇಳ್ಬೇಕು ಅಂತ ನಂಗೂ ಎಷ್ಟೋ ಸಲ ಅನ್ಸಿದೆ," ಅಂದಳು. ಆಮೇಲೆ, "ಆದ್ರೂ ನಂಗೆ ಹೇಳ್ಬಹುದಿತ್ತು ನೀನು," ಅಂದಳು.

"ಹೂಂ," ಅಂದಳು ಕೆಂಡ್ರಾ. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅತ್ತೆ, ಓಟಿಸ್ ಬರಲ್ಲ. ನೀವೇ ಒಳಗೆ ಬನ್ನಿ."

"ಅಂದ್ರೆ ನಾನು ಇಷ್ಟು ದೂರ ಬಂದಿದ್ದು ದಂಡವಾ? ಮೀನು ಏನು ಬೆಕ್ಕು ತಿನ್ಬೇಕಾ?" ಎಂದು ಗೊಣಗುತ್ತಲೇ ಅತ್ತೆ ಕುರ್ಚಿ ಎಳೆದುಕೊಂಡಳು. "ನಂಗೂ ಒಂದು ತಟ್ಟೆ ಇಡಿ ಮತ್ತೆ."

ಕಾವಲಿ ಕಾದಿತು. ಎಣ್ಣೆ ಬಿತ್ತು, ಮೊಟ್ಟೆ ಚುಯ್ ಅಂದಿತು. ನೋಡುವವರು ಹೆಚ್ಚಾದದ್ದೇ ಅಪ್ಪನಿಗೆ ಹುರುಪು ಬಂತು. ಎರಡು ಸ್ಟೀಲ್ ಸಟ್ಟುಗ ಎತ್ತಿ ಕಾವಲಿಯ ಅಂಚಿಗೆ ಟಣ್ ಅಂತ ಹೊಡೆದ. ಟೆಸ್ಸಾ ಚಪ್ಪಾಳೆ ತಟ್ಟಿದಳು.

ಕೆಂಡ್ರಾ ಓಟಿಸ್ ಕಡೆ ನೋಡಿದಳು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿದ್ದ. ಭುಜಗಳು ಕಿವಿಯವರೆಗೆ ಏರಿದ್ದವು. ಹೆಡ್‌ಫೋನ್ ಕುತ್ತಿಗೆಯಲ್ಲೇ ಇತ್ತು. ಕೈಗಳು ಮಾತ್ರ ಕಿವಿಯ ಮೇಲಿರಲಿಲ್ಲ, ಬಾಯಿಯ ಮೇಲಿದ್ದವು.

ಅವಳು ಓಡಿಹೋಗಿ ಅಪ್ಪನ ಕೈಯಿಂದ ಸಟ್ಟುಗ ಕಿತ್ತುಕೊಂಡಳು.

"ಇದು ಬೇರೆ ಥರದ ಶೋ," ಅಂದಳು. ಅಡುಗೆಮನೆಯಿಂದ ಎರಡು ಮರದ ಸೌಟು ತಂದು ಅಪ್ಪನಿಗೆ ಕೊಟ್ಟಳು. "ಸೈಲೆಂಟ್ ಸ್ಟೇಕ್‌ಹೌಸ್. ಯಾರೂ ಸದ್ದು ಮಾಡೋ ಹಾಗಿಲ್ಲ. ಮಾತಾಡಿದವರಿಗೆ ವೈಟ್ ಸಾಸ್ ಇಲ್ಲ."

"ಅಯ್ಯೋ, ವೈಟ್ ಸಾಸ್ ಇಲ್ದೆ ಫ್ರೈಡ್ ರೈಸ್ ಹೆಂಗೇ ತಿನ್ನೋದು?" ಅಂದಳು ಅತ್ತೆ.

ಕೆಂಡ್ರಾ ಸಾಸಿನ ಬಟ್ಟಲನ್ನು ಅತ್ತೆಯ ಮುಂದಿನಿಂದ ಮೆಲ್ಲಗೆ ಆಚೆ ಸರಿಸಿದಳು. ಅತ್ತೆ ತುಟಿ ಬಿಗಿದು, ಬೀಗ ಹಾಕಿದ ಹಾಗೆ ಅಭಿನಯ ಮಾಡಿದಳು. ಬಟ್ಟಲು ವಾಪಸ್ ಬಂತು.

ಶೋ ಶುರುವಾಯಿತು. ಅಪ್ಪ ಕಳ್ಳ ಬೆಕ್ಕಿನ ಹಾಗೆ ತುದಿಗಾಲಲ್ಲಿ ಓಡಾಡುತ್ತ ಈರುಳ್ಳಿ ಹಾಕಿದ, ಕ್ಯಾರೆಟ್ ಹಾಕಿದ, ಬಟಾಣಿ ಹಾಕಿದ. ಓಟಿಸ್ ಬಿಡಿಸಿಟ್ಟ ತಂಗಳನ್ನ ಕಾವಲಿಯ ಮೇಲೆ ಉದುರುದುರಾಗಿ ಹರಡಿತು. ಸೋಯಾ ಸಾಸ್ ಬಿದ್ದದ್ದೇ ಘಮ್ ಅಂದಿತು. ಅಪ್ಪ ಮತ್ತೊಂದು ಮೊಟ್ಟೆ ಹಾರಿಸಿದ, ಅದು ಈ ಸಲ ಹುಲ್ಲಿಗೆ ಬಿತ್ತು. ಅವನು ಎದೆ ಬಡಿದುಕೊಂಡು ಸದ್ದಿಲ್ಲದೆ ಅತ್ತ. ಟೆಸ್ಸಾ ನಗು ತಡೆಯಲಾಗದೆ ಜುಟ್ಟನ್ನು ಬಾಯಿಗೆ ತುರುಕಿಕೊಂಡಳು.

ಈರುಳ್ಳಿ ಗೋಪುರಕ್ಕೆ ಬೆಂಕಿ ಹಚ್ಚಲಿಲ್ಲ. ಅಪ್ಪ ಅದರ ನಡುವೆ ಸ್ವಲ್ಪ ನೀರು ಬಿಟ್ಟ. ತುದಿಯಿಂದ ಬೆಳ್ಳಗೆ ಹಬೆ ಎದ್ದಿತು. ಓಟಿಸ್ ಒಂದು ಹೆಜ್ಜೆ ಮುಂದೆ ಬಂದ. ಬಾಯಿಯ ಮೇಲಿನ ಕೈ ತೆಗೆದು ಎರಡೂ ಅಂಗೈಯನ್ನು ಗಾಳಿಯಲ್ಲಿ ಎತ್ತಿ ಥರಥರ ಆಡಿಸಿದ.

ಏನದು ಎಂಬಂತೆ ಟೆಸ್ಸಾ ಹುಬ್ಬು ಹಾರಿಸಿದಳು.

"ಚಪ್ಪಾಳೆ," ಅಂದ ಓಟಿಸ್ ಪಿಸುದನಿಯಲ್ಲಿ. "ನಮ್ಮ ಸ್ಕೂಲಲ್ಲಿ ಹಿಂಗೇ." ಮಾತಾಡಿದ್ದು ನೆನಪಾಗಿ ಗಾಬರಿಯಿಂದ ಸಾಸಿನ ಬಟ್ಟಲು ನೋಡಿದ.

ಕೆಂಡ್ರಾ ಬೇಗ ತಲೆಯಾಡಿಸಿ, ಪಿಸುಮಾತು ನಡೆಯುತ್ತದೆ ಎಂದು ಸನ್ನೆ ಮಾಡಿದಳು. ಟೆಸ್ಸಾ ಕೈ ಎತ್ತಿ ಆಡಿಸಿದಳು. ಅತ್ತೆಯೂ ಆಡಿಸಿದಳು, ಅವಳ ಬಳೆಗಳು ಕಿಣಿಕಿಣಿ ಅಂದವು. ಅವಳು ತಾನಾಗಿಯೇ ಅವನ್ನು ಬಿಚ್ಚಿ ಚೀಲಕ್ಕೆ ಹಾಕಿದಳು.

ಕೊನೆಯಲ್ಲಿ ಬೆಳ್ಳುಳ್ಳಿ ಬೆಣ್ಣೆ ಬಿತ್ತು, ಎಳ್ಳು ಉದುರಿತು. ಬಡಿಸುವ ಮುಂಚೆ ಹಾಡಬೇಕು. ಜಾಗಟೆ ಇಲ್ಲ, ಏನಿಲ್ಲ. ಅಪ್ಪ ಸೌಟನ್ನು ಬ್ಯಾಂಡ್ ಮೇಸ್ತ್ರಿಯ ಕೋಲಿನ ಹಾಗೆ ಎತ್ತಿ ಒಂದು, ಎರಡು ಎಂದು ಬೆರಳು ತೋರಿಸಿದ. ಎಲ್ಲರೂ ದೊಡ್ಡದಾಗಿ ಬಾಯಿ ತೆರೆದು ಬರ್ತ್‌ಡೇ ಹಾಡು ಹಾಡತೊಡಗಿದರು, ದನಿಯೇ ಇಲ್ಲದೆ. ಅತ್ತೆಯಂತೂ ಕಣ್ಣು ಮುಚ್ಚಿ, ಚರ್ಚಿನಲ್ಲಿ ಹಾಡುವವಳ ಹಾಗೆ ತೂಗಾಡುತ್ತಿದ್ದಳು. ಕಾವಲಿಯ ಮೇಲೆ ಅನ್ನ ಸಣ್ಣಗೆ ಚಿಟಪಟ ಅನ್ನುವುದೊಂದೇ ಕೇಳುತ್ತಿತ್ತು.

ಆಗ ಒಂದು ತೆಳ್ಳಗಿನ ದನಿ ಎದ್ದಿತು. ಓಟಿಸ್ ಹಾಡುತ್ತಿದ್ದ.

ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಬೆಯನ್ನು ನೋಡುತ್ತ, ಒಂದು ಸಾಲೂ ಬಿಡದೆ, ರಾಗವೂ ತಪ್ಪದೆ ಹಾಡಿದ. ಹೆಸರು ಬರುವ ಕಡೆ "ಅಕ್ಕ" ಅಂದ. ಅಪ್ಪನ ಸೌಟು ಗಾಳಿಯಲ್ಲೇ ನಿಂತಿತ್ತು.

ಅವನಿಗೆ ಆ ಹಾಡು ಬರುತ್ತದೆ ಅನ್ನುವುದೇ ಕೆಂಡ್ರಾಳಿಗೆ ಗೊತ್ತಿರಲಿಲ್ಲ. ಪ್ರತಿ ಹುಟ್ಟುಹಬ್ಬಕ್ಕೂ ಮನೆಯಲ್ಲಿ ಕೇಕ್ ಕತ್ತರಿಸುವಾಗ ಇವರೆಲ್ಲ ಗಟ್ಟಿಯಾಗಿ ಕಿರುಚಿಕೊಂಡು ಹಾಡುತ್ತಿದ್ದರು, ಅವನು ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಇರುತ್ತಿದ್ದ. ಅಲ್ಲಿಂದಲೇ ಕೇಳಿಸಿಕೊಂಡು ಕಲಿತಿದ್ದಾನೆ.

ಹಾಡು ಮುಗಿಯಿತು. ಕೆಂಡ್ರಾ ಎರಡೂ ಕೈ ಎತ್ತಿ ಗಾಳಿಯಲ್ಲಿ ಆಡಿಸಿದಳು. ಕಣ್ಣು ಒರೆಸಿಕೊಳ್ಳಬೇಕಿತ್ತು, ಆದರೆ ಕೈ ಇಳಿಸಲು ಮನಸ್ಸಾಗಲಿಲ್ಲ.