ಉಳಿದ ಹತ್ತು ನಿಮಿಷ

ರಾಯಚೂರಿನ ತೀನ್ ಕಂದೀಲ್ ಹತ್ತಿರ ಕುತುಬುದ್ದೀನನ ರೆಕಾರ್ಡಿಂಗ್ ಅಂಗಡಿಯಲ್ಲಿ ಒಂದು ಉದ್ದನೆಯ ಆರ್ಡರ್ ಬುಕ್ಕು ಇತ್ತು. ಗಿರಾಕಿಗಳು ಹೆಸರು, ಊರು, ಕ್ಯಾಸೆಟ್ಟಿಗೆ ತುಂಬಿಸಬೇಕಾದ ಹಾಡು ಇಷ್ಟನ್ನು ಅದರಲ್ಲಿ ಬರೆದು ಹೋಗಬೇಕು. ೧೯೮೪ರ ಒಂದು ಭಾನುವಾರ ಮಾನಮ್ಮ ತನ್ನ ಹೆಸರು ಬರೆಯಲು ಪುಟ ತಿರುವಿದರೆ, ಮೇಲಿನ ಸಾಲಿನಲ್ಲಿ ಯಾರೋ ಹಾಡಿನ ಬದಲು ತೀರ್ಪನ್ನೇ ಬರೆದಿಟ್ಟಿದ್ದರು.

"ವಿಂಟರ್ ಫೆರಿ ಬ್ಯಾಂಡು ಮೂರನೇ ಆಲ್ಬಮ್ಮಿಗೇ ಮುಗಿಯಿತು. ನಾಲ್ಕನೆಯದನ್ನು ಮೆಚ್ಚುವವರಿಗೆ ಕಿವಿ ಇಲ್ಲ. ರಾಮಲಿಂಗಪ್ಪ, ಮಾನ್ವಿ."

ಮಾನಮ್ಮನಿಗೆ ಮೈ ಉರಿಯಿತು. ಅವಳು ಆವತ್ತು ತುಂಬಿಸಿಕೊಳ್ಳಲು ಬಂದದ್ದೇ ನಾಲ್ಕನೆಯದನ್ನು.

ದೇವದುರ್ಗದ ಹೆಣ್ಣುಮಕ್ಕಳ ಶಾಲೆಯ ಟೀಚರಾದ ಅವಳಿಗೆ ಇಂಗ್ಲಿಷ್ ರಾಕ್ ಸಂಗೀತದ ಹುಚ್ಚು ಹಿಡಿದದ್ದೂ ಇದೇ ಅಂಗಡಿಯಲ್ಲಿ. ವರ್ಷದ ಹಿಂದೆ ಶಾಲೆಗೆ ಪ್ರಾರ್ಥನೆಯ ಕ್ಯಾಸೆಟ್ಟು ಮಾಡಿಸಲು ಬಂದಿದ್ದಳು. ಕುತುಬುದ್ದೀನ್ ಹೊಸ ಸ್ಪೀಕರ್ ಪರೀಕ್ಷೆ ಮಾಡಲೆಂದು, ಕುವೈತಿನಿಂದ ಅವನಣ್ಣ ಕಳಿಸಿದ್ದ ಈ ಬ್ಯಾಂಡಿನ ಎಲ್‌ಪಿ ರೆಕಾರ್ಡೊಂದನ್ನು ಹಚ್ಚಿದ. ಇಪ್ಪತ್ತು ನಿಮಿಷದ ಒಂದೇ ಹಾಡು, ಅದರಲ್ಲಿ ಮಾತಿಗಿಂತ ಗಿಟಾರೇ ಹೆಚ್ಚು. ಅದು ಮುಗಿಯುವಷ್ಟರಲ್ಲಿ ದೇವದುರ್ಗದ ಬಸ್ಸು ಹೋಗಿತ್ತು, ಮಾನಮ್ಮನಿಗೆ ಅದರ ಪರಿವೆಯೂ ಇರಲಿಲ್ಲ.

ಈಗ ಅವಳು ಪೆನ್ನು ಒತ್ತಿ ಕೆಳಗೆ ಬರೆದಳು: "ಕಿವಿ ಇದ್ದು ಎದೆ ಇಲ್ಲದವರು ಮೂರನೆಯದರಲ್ಲೇ ನಿಲ್ಲುತ್ತಾರೆ. ಮಾನಮ್ಮ, ದೇವದುರ್ಗ."

ಜಗಳ ಇಷ್ಟೇ. ಮೂರನೇ ಆಲ್ಬಮ್ಮು ಆದ ಮೇಲೆ ಆ ಬ್ಯಾಂಡಿನ ಗಿಟಾರ್ ವಾದಕ ಆಲ್ಡನ್ ಕ್ರೇ ತೀರಿಹೋದ. ಅವನ ಜಾಗಕ್ಕೆ ಹಾಸ್ಕ್ ಎಂಬ ಹುಡುಗ ಬಂದ. ನಾಲ್ಕನೇ ಆಲ್ಬಮ್ಮಿನ ಉದ್ದನೆಯ ಹಾಡಿನಲ್ಲಿ, ಎಲ್ಲರೂ ಗಿಟಾರಿಗೆ ಕಾಯುವ ಕಡೆ, ಹನ್ನೊಂದು ಸೆಕೆಂಡು ಗಿಟಾರ್ ಸುಮ್ಮನಾಗುತ್ತದೆ. ಡ್ರಮ್ಮಿನ ಮೆಲ್ಲನೆಯ ಸಪ್ಪಳ ಬಿಟ್ಟರೆ ಏನೂ ಇಲ್ಲ. ಹಾಸ್ಕನಿಗೆ ಅಲ್ಲಿ ಕೈ ನಡುಗಿತು ಎಂದು ಮಾನ್ವಿಯವನ ವಾದ. ಸತ್ತವನಿಗಾಗಿ ಜಾಗ ಬಿಟ್ಟಿದ್ದಾನೆ ಎಂದು ಮಾನಮ್ಮನ ವಾದ.

ಕೆಲವು ವಾರ ಹೀಗೆಯೇ ಬರೆದಾಡಿದ ಮೇಲೆ ಒಂದು ಭಾನುವಾರ ಕುತುಬುದ್ದೀನ್ ಅವಳ ಮುಂದೆ ಒಂದು ಹಳೆಯ ಕ್ಯಾಸೆಟ್ಟು ಇಟ್ಟ.

"ಟೀಚರಮ್ಮಾ, ನಿಮ್ಮ ಜಗಳದಾಗ ಬುಕ್ಕು ಅರ್ಧ ಖರ್ಚಾತು. ಗಿರಾಕಿಗಳಿಗೆ ಬರಿಯಾಕ ಜಾಗಿಲ್ಲ. ಇನ್ಮ್ಯಾಲ ಇದರಾಗ ಮಾಡ್ರಿ. ಮಾನ್ವಿಯವರು ಕೊಟ್ಟು ಹೋಗ್ಯಾರ."

ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ನಲವತ್ತು ನಿಮಿಷದ ಆಲ್ಬಮ್ಮು. ಹಾಡು ಮುಗಿದ ಮೇಲೆ ಎರಡೂ ಬದಿಗೆ ಹತ್ತತ್ತು ನಿಮಿಷ ಟೇಪು ಉಳಿಯುತ್ತದೆ. ಬೇರೆಯವರು ಅಲ್ಲಿಗೆ ಒಂದು ತತ್ವಪದವನ್ನೋ ಕವ್ವಾಲಿಯನ್ನೋ ತುಂಬಿಸಿಕೊಳ್ಳುತ್ತಿದ್ದರು. ಮಾನ್ವಿಯ ಗಿರಾಕಿ ಮಾತ್ರ ಮೊದಲಿನಿಂದಲೂ ಅದನ್ನು ಖಾಲಿ ಬಿಡಿಸಿಕೊಳ್ಳುತ್ತಿದ್ದನಂತೆ. ಈಗ ಎ ಬದಿಯ ಕೊನೆಯಲ್ಲಿ ಅವನ ಮಾತಿತ್ತು. ಬಿ ಬದಿಯ ಹತ್ತು ನಿಮಿಷ ಇವಳ ಉತ್ತರಕ್ಕೆ.

"ಹಂಗಲ್ರೀ ಟೀಚರ್," ಎಂದು ಶುರುವಾಯಿತು ಆ ದನಿ.

ಹಾಗೆ ಅನ್ನುವ ಮೊದಲು ಅವನು ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಿದ್ದ, ತಣ್ಣನೆಯ ನೀರಿಗೆ ಕಾಲಿಡುವವರ ಹಾಗೆ. ಮಾನಮ್ಮ ಮೊದಲು ಮೆಚ್ಚಿದ್ದು ಆ ಉಸಿರನ್ನು. ಅದು ಯಾಕೆ ಎಂದು ಅವಳನ್ನು ಕೇಳಬಾರದು.

ಅವನು ಗುರುವಾರ ಆಫೀಸಿನ ಟಪಾಲು ಹಿಡಿದು ರಾಯಚೂರಿಗೆ ಬರುತ್ತಿದ್ದ, ಅವಳು ಭಾನುವಾರ. ಹೀಗಾಗಿ ಮುಖ ನೋಡದೆ ಆರು ತಿಂಗಳು ಕಳೆಯಿತು. ಮೊದಮೊದಲು ಗಿಟಾರಿನ ಮಾತೇ. ಕ್ರೇ ತಂತಿ ಎಳೆದರೆ ಅದು ಎಷ್ಟು ಹೊತ್ತು ನಿಲ್ಲುತ್ತದೆ, ಹಾಸ್ಕ್ ಯಾಕೆ ಅಷ್ಟು ಹೊತ್ತು ನಿಲ್ಲಿಸುವುದಿಲ್ಲ. ಆಮೇಲೆ ಬಿಸಿಲಿನ ಮಾತು ಬಂತು, ಊಟದ ಮಾತು ಬಂತು.

"ಇವತ್ತು ಏನು ಉಂಡ್ರಿ?" ಎಂದು ಅವನು ಕೇಳಿದ್ದ ಒಮ್ಮೆ.

"ಗಿಟಾರಿಗೂ ನನ್ನ ಊಟಕ್ಕೂ ಏನು ಸಂಬಂಧರೀ?" ಎಂದು ಇವಳು ಜಬರಿಸಿ, ಟೇಪು ಮುಗಿಯುವ ಮುಂಚೆ ಮೆಲ್ಲಗೆ "ಜ್ವಾಳದ ರೊಟ್ಟಿ, ಪುಂಡಿಪಲ್ಲೆ" ಎಂದಿದ್ದಳು.

ಟೀಚರಿಗೆ ಪ್ರೀತಿ ಆಗಿತ್ತು. ಮುಚ್ಚಿಡುವುದೇನು ಬಂತು.

ಹೆದರಿಕೆ ಶುರುವಾದದ್ದು ಬೇಸಿಗೆಯಲ್ಲಿ. ದೇವದುರ್ಗದಲ್ಲಿ ಸುಗ್ರಾ ಬೇಗಂ ಎಂಬ ಮುದುಕಿಯ ಮನೆಯ ಹಿಂದಿನ ಕೋಣೆಯಲ್ಲಿ ಅವಳ ಬಾಡಿಗೆ ವಾಸ. ಮಟಮಟ ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಓಡಾಡದ ಹೊತ್ತು. ಮಾನಮ್ಮ ಕ್ಯಾಸೆಟ್ಟು ಕೇಳಿ ಮುಗಿಸಿ ಹೊರಗೆ ಬಂದಾಗ ಸುಗ್ರಾ ಬೇಗಂ ಬಾಗಿಲಲ್ಲೇ ನಿಂತಿದ್ದಳು.

"ಟೀಚರಮ್ಮಾ, ದಿನಾ ಒಬ್ಬಾವ ಮಾತಾಡ್ತಿದ್ದ. ಇವತ್ತು ಇಬ್ಬರು ಬಂದಾರಲ್ಲ."

"ಇಬ್ಬರು ಎಲ್ಲಿ ಬೇಗಂ? ಟೇಪಿನ್ಯಾಗ ಇರಾಂವ ಒಬ್ಬಾವನೇ."

"ನನಗ ಕಣ್ಣು ಮಂಜು. ಕಿವಿ ಅಲ್ಲ," ಎಂದು ಮುದುಕಿ ಒಳಗೆ ಹೋದಳು.

ಮಾನಮ್ಮ ಬಾಗಿಲು ಹಾಕಿಕೊಂಡು ಟೇಪನ್ನು ಹಿಂದಕ್ಕೆ ಸುತ್ತಿದಳು. ಕಿವಿಯನ್ನು ಸ್ಪೀಕರಿಗೆ ಹಚ್ಚಿದಳು. ಅವನು ಹೇಳುತ್ತಿದ್ದ, "ಮೂರನೇದರ ಮುಂದ ಯಾವುದೂ ಇಲ್ಲರೀ." ಅಲ್ಲಿ ಅವನ ಮಾತು ನಿಂತಿತು. ಆ ಸುಮ್ಮನಿರುವಿಕೆಯ ಅಡಿಯಲ್ಲಿ, ಬಾವಿಯೊಳಗಿಂದ ಬಂದಂತೆ ಇನ್ನೊಂದು ಗಂಡು ದನಿ ಇತ್ತು.

"ನಾಲ್ಕನೇದು," ಎಂದಿತು ಅದು. "ಜಾಗ ಬಿಟ್ಟಾನಲೇ ಅವ. ನಿನಗ ತಿಳಿಯಂಗಿಲ್ಲ."

ಅದು ಅವಳದೇ ವಾದ. ಅವಳ ಮಾತನ್ನೇ ಯಾರೋ ಕಾಣದವನು ಅವಳ ಪರವಾಗಿ ಆಡುತ್ತಿದ್ದ. ಆ ಬಿಸಿಲಿನಲ್ಲಿ ಅವಳ ತೋಳಿನ ಮೇಲೆ ಮುಳ್ಳೆದ್ದವು.

ಅವಳು ಬಿ ಬದಿಯಲ್ಲಿ ಕೇಳಿದಳು: "ನಿಮ್ಮ ಸಂಗಡ ಯಾರು ಇರ್ತಾರ್ರೀ?" ಮುಂದಿನ ಕ್ಯಾಸೆಟ್ಟಿನಲ್ಲಿ ಉತ್ತರ ಬಂತು. ಸಣ್ಣ ಉಸಿರು, ಆಮೇಲೆ, "ಯಾರಿಲ್ಲರೀ ಟೀಚರ್. ನಾನೊಬ್ಬನೇ." ಅದರ ಅಡಿಯಲ್ಲಿ ಯಾರೋ ನಕ್ಕರು. ನಕ್ಕು, ಸ್ಪಷ್ಟವಾಗಿ, "ಮಾನಮ್ಮ" ಎಂದರು.

ರಾತ್ರಿಯಿಡೀ ಅವಳಿಗೆ ನಿದ್ದೆ ಬರಲಿಲ್ಲ. ದೆವ್ವದ ಭಯ ಒಂದು ಪಾಲಾದರೆ, ತಾನು ಮನಸ್ಸು ಕೊಟ್ಟವನು ನಿಜವಾಗಿ ಇದ್ದಾನೋ ಇಲ್ಲವೋ ಎಂಬ ಭಯ ಮೂರು ಪಾಲು. ಅವಳಿಗೆ ಬೇಕಿದ್ದದ್ದು ಒಂದೇ. ಆ ದನಿಗೆ ಒಂದು ಮೈ ಇರಬೇಕು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸಿರವಾರದ ಮೇಲೆ ಮಾನ್ವಿಗೆ ಹೋದಳು. ಬಸ್ ಸ್ಟ್ಯಾಂಡಿನ ಎದುರು ಚಹಾ ಮಾರುವ ಬೂದೆಪ್ಪನನ್ನು ಕೇಳಿದಳು.

"ಇಂಗ್ಲಿಷ್ ಹಾಡು ಕೇಳ್ತಾರಲ್ಲ, ರಾಮಲಿಂಗಪ್ಪ ಅಂತ. ಅವರ ಮನಿ ಎಲ್ಲಿ ಬರ್ತದ್ರೀ?"

ಬೂದೆಪ್ಪ ಚಹಾ ಸೋಸುವುದನ್ನು ನಿಲ್ಲಿಸಿದ.

"ನೀವು ಯಾರವಾ? ಭಾಳ ತಡಾ ಮಾಡಿ ಬಂದ್ರಿ. ಅವ ಚೀಕಲಪರ್ವಿ ಹೊಳ್ಯಾಗ ಈಸಾಕ ಹೋಗಿ ಸತ್ತು ಎರಡು ವರ್ಷ ಆತು."

ಅವಳ ಚೀಲದಲ್ಲಿ ಹೋದ ವಾರದ ಕ್ಯಾಸೆಟ್ಟು ಇತ್ತು. ಬೂದೆಪ್ಪ ಇನ್ನೂ ಏನೋ ಹೇಳುತ್ತಿದ್ದ. ಅವಳಿಗೆ ಕೇಳಿಸಲಿಲ್ಲ. ಹೊರಟಿದ್ದ ಬಸ್ಸಿನ ಬಾಗಿಲು ಹಿಡಿದು ಹತ್ತಿದಳು. ಕಿಟಕಿಯಾಚೆ ಕಾಲುವೆ ನೀರು ನಿಂತ ಗದ್ದೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅವಳು ನೀರಿನ ಕಡೆ ನೋಡದೆ ಸೀರೆಯ ಸೆರಗನ್ನು ಹಿಡಿದುಕೊಂಡು ಕೂತಳು.

ಐದು ದಿನ ಟೇಪ್ ರೆಕಾರ್ಡರಿನ ಮೇಲೆ ಟವೆಲ್ ಮುಚ್ಚಿಟ್ಟಳು. ಆರನೆಯ ದಿನ, ಗುರುವಾರ, ರಜೆ ಹಾಕಿ ರಾಯಚೂರಿಗೆ ಬಂದಳು. ಸತ್ತವನು ಟಪಾಲು ಹಿಡಿದು ಬರುವುದಾದರೆ ಬರಲಿ, ಒಮ್ಮೆ ಮುಖ ನೋಡಿಯೇ ಬಿಡುತ್ತೇನೆ ಎಂದುಕೊಂಡಿದ್ದಳು.

ಹನ್ನೆರಡು ಗಂಟೆಗೆ ಅಂಗಡಿಯ ಮುಂದೆ ಒಬ್ಬ ಬಾಡಿಗೆ ಸೈಕಲ್ ನಿಲ್ಲಿಸಿದ. ಎಣ್ಣೆಗಪ್ಪು ಮೈಬಣ್ಣ, ತೋಳು ಮಡಚಿದ ಬಿಳಿ ಅಂಗಿ, ಬಗಲಲ್ಲಿ ಟಪಾಲಿನ ಚೀಲ. ಮೆಟ್ಟಿಲ ಮೇಲೆ ಅವಳನ್ನು ನೋಡಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಹಾಗೆಯೇ ನಿಂತ. ಅವಳೂ ನೋಡಿದಳು. ಅವನ ಕಣ್ಣು ಅವಳ ಕೈಯಲ್ಲಿದ್ದ ಕ್ಯಾಸೆಟ್ಟಿಗೆ ಇಳಿದು, ಮತ್ತೆ ಮುಖಕ್ಕೆ ಬಂದು, ಅಲ್ಲಿ ನಿಲ್ಲಲು ಧೈರ್ಯ ಸಾಲದೆ ಗೋಡೆಯ ಕಡೆ ಸರಿಯಿತು.

"ಬರ್ರಿ ರಾಮಲಿಂಗಪ್ಪ," ಎಂದು ಕುತುಬುದ್ದೀನ್ ಕರೆದ.

"ರಾಮಲಿಂಗಪ್ಪ ಸತ್ತು ಎರಡು ವರ್ಷ ಆತಂತ," ಎಂದಳು ಮಾನಮ್ಮ. "ಹಂಗಾರ ನೀವು ಯಾರು?"

ಕುತುಬುದ್ದೀನನ ಕೈಯಲ್ಲಿದ್ದ ಬೀಡಿ ಕೆಳಗೆ ಬಿತ್ತು. ಬಂದವನು ಚೀಲ ಇಳಿಸಿ ಬೆಂಚಿನ ಮೇಲೆ ಕೂತ.

"ನಾ ಅವನ ತಮ್ಮ, ತಾಯಣ್ಣ. ಅಣ್ಣ ಈ ಅಂಗಡಿಗೆ ಒಮ್ಮೆನೂ ಬಂದಿದ್ದಿಲ್ಲ. ಅವ ಚೀಟಿ ಬರದು ಕೊಡ್ತಿದ್ದ, ನಾ ಅವನ ಹೆಸರಿಲೆ ತುಂಬಿಸ್ಕೊಂಡು ಹೋಗ್ತಿದ್ದೆ. ಅವ ಸತ್ತ ಮ್ಯಾಲ ಬುಕ್ಕಿನ್ಯಾಗ ಹೆಸರು ಬದಲಿ ಮಾಡಾಕ ಕೈ ಬರಲಿಲ್ಲರೀ."

"ಮತ್ತ ಆ ಕೆಳಗಿನ ದನಿ?"

ಅವನು ತಲೆ ಎತ್ತಿದ. "ಅದು ನಿಮಗೂ ಕೇಳಸ್ತಾ?"

ಅವನು ನಿಧಾನವಾಗಿ ಹೇಳಿದ. ಉಳಿದ ಹತ್ತು ನಿಮಿಷದಲ್ಲಿ ಅಣ್ಣತಮ್ಮ ಇಬ್ಬರೂ ಮನೆಯಲ್ಲಿ ಜಗಳಾಡಿ ಟೇಪ್ ಮಾಡುತ್ತಿದ್ದರು. ಅಣ್ಣ ನಾಲ್ಕನೆಯದರ ಪಕ್ಷ, ತಮ್ಮ ಮೂರನೆಯದರ ಪಕ್ಷ. ಅಣ್ಣ ಸತ್ತ ಮೇಲೆ ಆ ಜಗಳಕ್ಕೆ ಜೊತೆಯಿಲ್ಲದೆ, ಕೊನೆಗೆ ತಾಯಣ್ಣ ಆರ್ಡರ್ ಬುಕ್ಕಿನಲ್ಲಿ ಬರೆದ. ಮಾನಮ್ಮನ ಉತ್ತರ ಬಂದಾಗ ಅಣ್ಣನ ಕ್ಯಾಸೆಟ್ಟುಗಳ ಮೇಲೆಯೇ ಮಾತಾಡಿ ಕಳಿಸತೊಡಗಿದ. ಮನೆಯ ಹಳೆಯ ಟೇಪ್ ರೆಕಾರ್ಡರಿನಲ್ಲಿ ಅಳಿಸುವ ಹೆಡ್ಡು ಸವೆದಿತ್ತು. ಹೊಸ ಮಾತು ಹಿಡಿಯುತ್ತಿತ್ತು, ಹಳೆಯದನ್ನು ಪೂರ್ತಿ ಅಳಿಸುತ್ತಿರಲಿಲ್ಲ.

"ಅದು ಅಳಸಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ಅದರ ಮ್ಯಾಲ ಮಾತಾಡೋ ಧೈರ್ಯ ಬಂತು."

"ನನ್ನ ಹೆಸರು ಹೇಳ್ತದ ಅದು," ಎಂದಳು ಮಾನಮ್ಮ. "ನಿಮ್ಮಣ್ಣ ಸತ್ತಾಗ ನಾ ಯಾರು ಅಂತ ನಿಮಗೇ ಗೊತ್ತಿದ್ದಿಲ್ಲ."

ತಾಯಣ್ಣ ಅವಳ ಕೈಯಲ್ಲಿದ್ದ ಕ್ಯಾಸೆಟ್ಟನ್ನು ನೋಡಿದ. "ಅದೊಂದು ನನಗೂ ತಿಳಿವಲ್ದು," ಎಂದ.

ಮಾನಮ್ಮನಿಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

"ಆರು ತಿಂಗಳು ನಾ ಯಾರ ಸಂಗಡ ಮಾತಾಡಿದೆ? ನಿಮ್ಮಣ್ಣನ ಮಾತು ನನ್ನ ಬಾಯಾಗ ಕೇಳಾಕ ನನ್ನ ಸಂಗಡ ಮಾತು ಬೆಳಸಿದ್ರಾ?"

ಅವನು ಸಣ್ಣ ಉಸಿರು ಎಳೆದುಕೊಂಡ.

"ಹಂಗಲ್ರೀ ಟೀಚರ್."

ಕೇಳುತ್ತಲೇ ಅವಳಿಗೆ ಹೊಳೆಯಿತು. ಕೆಳಗಿನ ದನಿಯನ್ನು ಅವಳು ಎಷ್ಟೋ ಸಲ ಕಿವಿಗೊಟ್ಟು ಕೇಳಿದ್ದಳು. ಅದು ಒಮ್ಮೆಯೂ ಉಸಿರು ಎಳೆದುಕೊಂಡಿರಲಿಲ್ಲ. ಉಸಿರು ಇವನದು, ಮೊದಲ ದಿನದಿಂದಲೂ ಇವನದೇ.

"ನಿಮ್ಮ ಮೊದಲನೇ ಸಾಲು ಓದಿದಾಗ ಅಣ್ಣನ ಮಾತೇ ಅನಿಸಿದ್ದು ಖರೆ," ಎಂದ ಅವನು. "ಆದರ ಅಣ್ಣ ನನಗ ಎಂದೂ ಪುಂಡಿಪಲ್ಲೆ ಉಂಡೆ ಅಂತ ಹೇಳಿಲ್ಲರೀ. ಆವತ್ತಿನಿಂದ ಗುರುವಾರಕ್ಕ ಕಾಯ್ತಿದ್ದೆ. ನಾಲ್ಕನೇದು ಚಲೋ ಅಂತ ಒಪ್ಪಿದ್ರ, ಅಣ್ಣನ ಜಾಗಕ್ಕ ಯಾರನ್ನೋ ಕರಕೊಂಡಂಗ ಆಗ್ತದ ಅಂತ ಅಂಜಿಕಿ. ಅದಕ್ಕ ಬಾಯಿ ಬಿಡಲಿಲ್ಲ."

"ಜಾಗ ತುಂಬಂತ ನಾ ಎಲ್ಲಿ ಹೇಳಿದೆ?" ಎಂದಳು ಅವಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಜಾಗ ಬಿಟ್ಟು ನುಡಸು ಅಂತ ಹೇಳಿದ್ದು. ಆರು ತಿಂಗಳು ಅದನ್ನೇ ಹೇಳಾಕತ್ತೀನಿ."

ಅವನು ಅವಳನ್ನು ನೋಡಿದ. ಈ ಸಲ ಕಣ್ಣು ಗೋಡೆಗೆ ಸರಿಯಲಿಲ್ಲ. ಕುತುಬುದ್ದೀನ್ ಕೆಮ್ಮಿ, ಕಪಾಟಿನಿಂದ ಪ್ಲಾಸ್ಟಿಕ್ಕು ಒಡೆಯದ ಹೊಚ್ಚ ಹೊಸ ಕ್ಯಾಸೆಟ್ಟೊಂದನ್ನು ತೆಗೆದು ಬೆಂಚಿನ ಮೇಲಿಟ್ಟ.

"ಇದರಾಗ ಯಾರೂ ಇಲ್ಲ," ಎಂದ. "ನಾಲ್ಕನೇದು ತುಂಬಿಸಿ ಕೊಡ್ತೀನಿ. ಉಳಿದದ್ದು ಇಬ್ಬರೂ ಕೂಡಿ ಮಾತಾಡ್ರಿ. ನನ್ನ ಮಶೀನಿನ ಹೆಡ್ಡು ಹೊಸಾದು."

ಅವರು ಕೂಡಿ ಮಾತಾಡಿದರು. ಏನು ಮಾತಾಡಿದರು ಎಂದು ಕುತುಬುದ್ದೀನ್ ಯಾರಿಗೂ ಹೇಳಲಿಲ್ಲ. ತಾಯಣ್ಣನ ಮನೆಯವರು ಮುಂದಿನ ತಿಂಗಳು ದೇವದುರ್ಗಕ್ಕೆ ಹೆಣ್ಣು ಕೇಳಲು ಹೋದರು ಎಂಬುದನ್ನು ಮಾತ್ರ ಎಲ್ಲರಿಗೂ ಹೇಳಿದ.

ಆ ದಿನ ಎರಡೂ ಕಡೆಯ ದೊಡ್ಡವರ ಮಾತುಕತೆ ಸುಗ್ರಾ ಬೇಗಂ ಮನೆಯ ಅಂಗಳದಲ್ಲಿ ನಡೆದಿತ್ತು. ಕೋಣೆಯ ಬಾಗಿಲು ತೆರೆದಿಟ್ಟು ಮಾನಮ್ಮ, ತಾಯಣ್ಣ ಹೊಸ ಕ್ಯಾಸೆಟ್ಟನ್ನು ಮೊದಲ ಸಲ ಹಚ್ಚಿದರು. ಗಿಟಾರ್ ಏರಿತು, ಇಳಿಯಿತು, ಎಲ್ಲರೂ ಕಾಯುವ ಕಡೆ ಬಂದು ಸುಮ್ಮನಾಯಿತು. ಡ್ರಮ್ಮಿನ ಮೆಲ್ಲನೆಯ ಸಪ್ಪಳ. ಮಾನಮ್ಮ ಮನಸ್ಸಿನಲ್ಲೇ ಎಣಿಸುತ್ತಿದ್ದಳು.

ಏಳನೇ ಸೆಕೆಂಡಿಗೆ, ಯಾರೂ ಇಲ್ಲದ ಆ ಟೇಪಿನಲ್ಲಿ, ಬಾವಿಯೊಳಗಿಂದ ಬಂದಂತೆ ಒಂದು ದನಿ ಬಂತು.

"ಹೇಳಿದ್ದಿಲ್ಲೇನಲೇ ತಾಯಾ."

ಹನ್ನೊಂದಕ್ಕೆ ಹಾಸ್ಕನ ಗಿಟಾರ್ ಎಂದಿನಂತೆ ಒಳಗೆ ಬಂತು. ತಾಯಣ್ಣ ಅಲುಗಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಅವಳ ಕೈಗಾಗಿ ತಡಕಾಡಿದ, ಅವಳ ಕೈಯೂ ಅವನದರ ಹಾಗೆಯೇ ತಣ್ಣಗಿತ್ತು.

"ಕೇಳಸ್ತೇನು?" ಎಂದ.

"ಕೇಳಸ್ತು."

"ಮತ್ತ ಹೆದರಿಕಿ?"

"ಆಗ್ತದ," ಎಂದಳು ಮಾನಮ್ಮ. "ಇರಲಿ ಬಿಡ್ರಿ. ಮನಿಯವರೇ ಅಲ್ಲೇನು."

ಹಾಡು ಮುಗಿದು, ಅವರಿಬ್ಬರ ಮಾತೂ ಮುಗಿದ ಮೇಲೆ ಅವನು ಕ್ಯಾಸೆಟ್ಟನ್ನು ಹೊರಗೆ ತೆಗೆದ. ಅದರ ಬೆನ್ನಿನ ಮೇಲೆ ಎರಡು ಸಣ್ಣ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೆ ಯಾರೂ ಏನನ್ನೂ ತುಂಬಿಸಲಾಗದು. ಅವನು ಜೇಬಿನ ಪೆನ್ನಿನಿಂದ ಒಂದನ್ನು ಮುರಿದ, ಪೆನ್ನನ್ನು ಅವಳ ಕೈಗೆ ಕೊಟ್ಟ. ಇನ್ನೊಂದನ್ನು ಅವಳು ಮುರಿದಳು.

ಬಾಗಿಲಲ್ಲಿ ಸುಗ್ರಾ ಬೇಗಂ, ಒಳಗಿನ ದನಿಗಳನ್ನು ಎಣಿಸಿದವಳಂತೆ, ಚಹಾದ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಮೂರು ಕಪ್ಪುಗಳಿದ್ದವು.