ಗದ್ದುಗೆ ಕಂಬಳಿ

ಆಗೆಲ್ಲ ಮದುವೆ ಅಂದರೆ ಮೊದಲು ಬೇಕಾಗಿದ್ದುದು ಹೊಸ ಕಂಬಳಿ. ಗಂಡುಹೆಣ್ಣನ್ನು ಅದರ ಮೇಲೆ ಜೊತೆಯಾಗಿ ಕೂರಿಸಿ ಅಕ್ಕಿಕಾಳು ಹಾಕಿದರೇ ಮದುವೆ. ಅಂಥದ್ದೊಂದು ಗದ್ದುಗೆ ಕಂಬಳಿಗೆ ಹೇಳಿಬರಲು, ಐವತ್ತೆಂಟನೇ ಇಸವಿಯ ಮಾಗಿಯಲ್ಲಿ ತೋವಿನಕೆರೆಯ ಗಂಗಹನುಮಯ್ಯ ಬಲಸಮುದ್ರಕ್ಕೆ ಬಂದ. ಮದುವೆ ಅವನದಲ್ಲ, ಅವನಣ್ಣನದು.

ಕಡಲೆಕಾಯಿ ಕಿತ್ತು ಮುಗಿದಿತ್ತು. ಹೊಲದಲ್ಲಿದ್ದ ಕೈಗಳೆಲ್ಲ ಈಗ ಮಗ್ಗಕ್ಕೆ ಬಂದಿದ್ದವು. ಬೀದಿಯುದ್ದಕ್ಕೂ ಹಾಸಿನ ಕರಿ ಉಣ್ಣೆಯ ಎಳೆಗಳನ್ನು ಕೋಲುಗಳ ನಡುವೆ ಬಿಗಿದು ಕಟ್ಟಿ, ಹುಡುಗಿಯೊಬ್ಬಳು ಅದಕ್ಕೆ ಹುಣಸೆಬೀಜದ ಅಂಟು ಸವರುತ್ತಿದ್ದಳು. ಅವಳನ್ನೇ ನೋಡುತ್ತಾ ಬಂದ ಗಂಗಹನುಮಯ್ಯ ಎಳೆಗಳನ್ನು ದಾಟಿಬಿಟ್ಟ.

ಜಗುಲಿ ಮೇಲಿದ್ದ ಅವಳಜ್ಜಿ ಹೌಹಾರಿದಳು. "ಏಮಯ್ಯಾ, ಹಾಸು ದಾಟ್ತಾರಾ ಯಾರಾದ್ರೂ? ಒಣಗೋಗಂಟ ಆ ಕೋಲು ಹಿಡ್ಕಂಡು ನಿಂತ್ಕ."

ಗದ್ದುಗೆ ಕಂಬಳಿಗೆ ಹೇಳಲು ಬಂದೆ ಎನ್ನುತ್ತಾ ಕೋಲು ಹಿಡಿದು ನಿಂತ. ಹುಡುಗಿ ಆ ತುದಿಯಿಂದ ಸವರುತ್ತಾ ಸವರುತ್ತಾ ಅವನ ಕಡೆಗೇ ಬಂದಳು. ಹೆಸರು ರಾಮಾಂಜಿನಮ್ಮ. ಮೂಗಿನ ತುದಿಗೆ ಚೂರು ಅಂಟು ಮೆತ್ತಿಕೊಂಡಿತ್ತು. ಹೇಳಲೋ ಬೇಡವೋ ಎಂದು ಅವನು ಒದ್ದಾಡುತ್ತಿರುವಾಗಲೇ ಅವಳು ತಲೆ ಎತ್ತದೆ ಕೇಳಿದಳು. "ಮದುಮಗನಿಗೆ ಆಗ್ಲೇ ಕೈ ಸೋತ್ವಾ?"

ಮದುಮಗ ನಾನಲ್ಲ ಅನ್ನಬೇಕಿತ್ತು. ಆದರೆ ಅವಳ ಬಾಯಲ್ಲಿ ಆ ಮಾತು ಎಷ್ಟು ಚೆಂದ ಕೇಳಿಸಿತೆಂದರೆ, ಸುಮ್ಮನೆ ನಕ್ಕುಬಿಟ್ಟ.

ಅದೇ ಎಡವಟ್ಟಾಯಿತು. ಕಂಬಳಿ ಒಯ್ಯಲು ಮತ್ತೆ ಬಂದಾಗ ಅವಳಲ್ಲಿ ಆ ತಮಾಷೆಯೇ ಇರಲಿಲ್ಲ. ಕಂಬಳಿ ಮಡಿಸಿ ಜಗುಲಿ ಮೇಲಿಟ್ಟು, ಎತ್ತಲೋ ನೋಡುತ್ತಾ ಹೆಣ್ಣು ಯಾವೂರೆಂದು ವಿಚಾರಿಸಿದಳು. ಕೊರಟಗೆರೆ ಕಡೆಯದು, ನಮ್ಮಣ್ಣನಿಗೆ ಎಂದು ಅವನು ತೊದಲಿದ.

ಅವಳ ಕಣ್ಣು ಥಟ್ಟನೆ ಅವನ ಮೇಲೆ ಬಿತ್ತು. "ಮತ್ತೆ ಅವತ್ತು ಯಾಕೆ ಹಲ್ಲು ಬುಟ್ಕಂಡು ನಿಂತಿದ್ದೆ?"

"ನೀನು ಕರ್ದಿದ್ದು ಚೆಂದಾಗಿತ್ತು."

ಸೆರಗು ಬಾಯಿಗೊತ್ತಿಕೊಂಡು ಅವಳು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಅದು ನಗುವೋ ಸಿಟ್ಟೋ? ಬಸ್ಸು ಮಧುಗಿರಿ ದಾಟಿದರೂ ಅವನಿಗೆ ತಿಳಿಯಲಿಲ್ಲ. ಅಣ್ಣನ ಮದುವೆಯಲ್ಲಿ ಬಡಿಸುವಾಗಲೂ ಅದೇ ಯೋಚನೆ. ಎಲೆಯ ಮೇಲಿನ ಪಾಯಸಕ್ಕೆ ಸಾರು ಸುರಿದು ಬೈಸಿಕೊಂಡ.

ಮದುವೆ ಮುಗಿದದ್ದೇ ತಡ, ಒಗೆದ ಅಂಗಿ ತೊಟ್ಟು ಬಲಸಮುದ್ರದಲ್ಲಿ ಇಳಿದ. ರಾಮಾಂಜಿನಮ್ಮ ಮಗ್ಗದಲ್ಲಿ ಒಬ್ಬಳೇ ಇದ್ದಳು. ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಇನ್ನೊಂದು ಗದ್ದುಗೆ ಕಂಬಳಿ ಬೇಕು. ಈ ಸಲ ನಂಗೇ. ನೀನೇ ನೇಯ್ದು ಕೊಡ್ಬೇಕು."

ಅವಳು ಲಾಳಿಯನ್ನು ಕೈಯಲ್ಲೇ ಹಿಡಿದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಾ ನೇಯಕಿಲ್ಲ."

ಆಗಲಿ ಬಿಡು ಎಂದು ಹೇಳಿದ್ದು ಅವನಿಗೇ ಕೇಳಿಸಲಿಲ್ಲ. ಹೊಸಲು ದಾಟಿ ಬೀದಿಗಿಳಿದ.

"ಓಯ್, ನಿಂತ್ಕ. ಗದ್ದುಗೆ ಮ್ಯಾಲೆ ಕೂರೋಳು ಅದನ್ನ ತಾನೇ ನೇಯಂಗಿಲ್ಲ. ನಮ್ಮ ಕಡೆ ಅಂಗೆ." ಅವಳ ಕಿವಿಯೆಲ್ಲ ಕೆಂಪಾಗಿತ್ತು. "ಪಕ್ಕದ ಮನೆ ಮಗ್ಗಕ್ಕೆ ಹೇಳು. ಅದಕ್ಕೂ ಮುಂಚೆ ನಮ್ಮಪ್ಪನ್ನ ಕೇಳು, ಹೊಲದಾಗವ್ನೆ."

ಹೊಲ ಯಾವ ಕಡೆ ಎಂದು ಕೇಳುವ ವ್ಯವಧಾನವೂ ಇಲ್ಲದೆ ಗಂಗಹನುಮಯ್ಯ ಓಡಿದ. ಓಡಿದ್ದು ಕೆರೆಯ ಕಡೆಗೆ. ಅವಳು ನಗುತ್ತಲೇ ಹಿಂದೆ ಓಡಿಬಂದು, ತೋಳು ಹಿಡಿದು ತಿರುಗಿಸಿದಳು.