ಗುಡ್ಡ ಹತ್ತಲೊಲ್ಲದ ಗಾಡಿ

“ಟಾರ್ಚ್ ಅಲ್ಲಾಡಿಸ್ಬೇಡ ಕಾಹು! ನಾನೇನು ಇಲ್ಲಿ ಡ್ಯಾನ್ಸ್ ಮಾಡೋಕೆ ಬಂದಿದೀನಾ?”

ಪೇತಿ ಆಂಟಿಯ ದನಿ ಗಾಡಿಯ ಅಡಿಯಿಂದ ಬಂತು. ಹೊರಗೆ ಕಾಣುತ್ತಿದ್ದದ್ದು ಅವಳ ಎರಡು ಬೂಟುಗಳು ಮಾತ್ರ. ಕಾಹು ನೆಲದ ಮೇಲೆ ಬೋರಲು ಮಲಗಿ ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದಳು. ಆದರೂ ಬೆಳಕು ನಡುಗುತ್ತಲೇ ಇತ್ತು. 

ಪೇತಿ ಆಂಟಿ ಕಾಹುವಿನ ಅಮ್ಮನ ತಂಗಿ. ಪಟ್ಟಣದಲ್ಲಿ ಗಾಡಿಗಳ ಕರೆಂಟ್ ಕೆಲಸ ಮಾಡುತ್ತಾಳೆ. ವೈರು, ಸೆನ್ಸರ್, ಕಂಪ್ಯೂಟರ್ ಏನೇ ಕೈಕೊಟ್ಟರೂ ಜನ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಇವತ್ತು ಶನಿವಾರ, ಅವಳಿಗೆ ರಜೆ. ರಜೆಯ ದಿನವೂ ಅವಳನ್ನು ಬಿಡದೆ ಕರೆಸಿದ್ದು ಅವಳಪ್ಪ, ಅಂದರೆ ಕಾಹುವಿನ ಅಜ್ಜ. ಅವರ ಮಾತಿನಲ್ಲಿ ಅಜ್ಜನಿಗೆ ಕೋರೊ ಎನ್ನುತ್ತಾರೆ.

ಕೋರೊನ ಹಳೇ ಜಪಾನಿ ಗಾಡಿ ನಾಲ್ಕೂ ಚಕ್ರ ಎಳೆಯುವಂಥದು. ಮನೆಯಿಂದ ಬೀಚಿಗೆ ಹೋಗಬೇಕಾದರೆ ಜೇಡಿಮಣ್ಣಿನ ಗುಡ್ಡ ಹತ್ತಿ ಇಳಿಯಬೇಕು. ಇಲ್ಲಿ ಜುಲೈ ಎಂದರೆ ಚಳಿಗಾಲ, ಆಗ ಮಳೆ ಬಿದ್ದರೆ ಆ ದಾರಿ ಸೋಪು ಸವರಿದ ಹಾಗೆ. ಹೋದ ವಾರ ದೋಣಿಯ ಟ್ರೇಲರ್ ಕಟ್ಟಿಕೊಂಡು ಹೊರಟಾಗ, ಅರ್ಧ ಗುಡ್ಡದಲ್ಲಿ ಮುಂದಿನ ಚಕ್ರಗಳು ಗರಗರ ತಿರುಗಿದವು. ಹಿಂದಿನವು ನಮಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಸುಮ್ಮನಿದ್ದವು. ಸ್ಟೀರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತಿಕೊಂಡಿತು. ಕೊನೆಗೆ ಪಕ್ಕದ ಮನೆಯ ಟ್ರ್ಯಾಕ್ಟರ್ ಬಂದು ಎಳೆಯಬೇಕಾಯಿತು.

ಅವತ್ತೇ ಕೋರೊ ಅಂದಿದ್ದ: “ಪೇತಿ ಕೈಲೂ ಆಗ್ಲಿಲ್ಲ ಅಂದ್ರೆ ಗಾಡಿ ಮಾರಿಬಿಡೋದೇ. ಗಾಡಿ ಇಲ್ದೆ ದೋಣಿ ಇಟ್ಕೊಂಡು ಏನು ಪೂಜೆ ಮಾಡೋದಾ? ಅದನ್ನೂ ಕೊಟ್ಬಿಡೋಣ.”

ದೋಣಿ ಹೋದರೆ ಶನಿವಾರಗಳೂ ಹೋದ ಹಾಗೆಯೇ. ಕೋರೊನ ಜೊತೆ ಗಾಳ ಹಾಕುವುದಿಲ್ಲ, ಬೆಂಕಿ ಹಾಕಿ ಮೀನು ಸುಡುವುದಿಲ್ಲ. ಕಾಹುವಿಗೆ ಒಂದು ವಾರದಿಂದ ಊಟ ಸೇರಿರಲಿಲ್ಲ. ಯಾಕೆಂದರೆ ಗಾಡಿ ಕೆಟ್ಟದ್ದು ಯಾರಿಂದ ಎಂದು ಅವಳಿಗೆ ಗೊತ್ತಿತ್ತು. ಅವಳಿಂದಲೇ!

ಬೀಚಿಗೆ ಹೋಗಿ ಬಂದ ಮೇಲೆ ಗಾಡಿಯ ಹೊಟ್ಟೆಗೆ ಸಿಹಿನೀರು ಹೊಡೆಯಬೇಕು. ಇಲ್ಲದಿದ್ದರೆ ಉಪ್ಪು ಎಲ್ಲವನ್ನೂ ತಿಂದುಬಿಡುತ್ತದೆ. ಈ ಕಡೆಯ ಎಲ್ಲ ಮನೆಗಳಲ್ಲೂ ಅದು ಮಕ್ಕಳ ಕೆಲಸ. ಮೊದಲು ಗಾಡಿಯ ಸ್ನಾನ, ಆಮೇಲೆ ದೋಣಿಯದು, ಕೊನೆಗೆ ನಮ್ಮದು. ಆದರೆ ಗಾಡಿ ಕೆಡುವ ಮುಂಚಿನ ಮೂರು ಶನಿವಾರ ಚಳಿಗೆ ಬೇಜಾರಾಗಿ ಕಾಹು ಪೈಪನ್ನು ಹುಲ್ಲಿನ ಮೇಲೆ ಬಿಟ್ಟು, ಶೆಡ್ಡಿನ ಹಿಂದೆ ಕುಳಿತು ಫೋನಿನಲ್ಲಿ ಗೇಮ್ ಆಡಿದ್ದಳು. “ಆಯ್ತಾ ಮೊಕೊ?” ಎಂದು ಕೋರೊ ಕೂಗುತ್ತಿದ್ದ. ಮೊಮ್ಮಗಳ ಮೇಲೆ ಪ್ರೀತಿ ಬಂದಾಗ ಅವನು ಕರೆಯುವುದೇ ಹಾಗೆ. “ಆಯ್ತು ಕೋರೊ!” ಎಂದು ಇವಳೂ ಕೂಗುತ್ತಿದ್ದಳು.

“ಅಬ್ಬಬ್ಬಾ!” ಗಾಡಿಯ ಕೆಳಗಿನಿಂದ ಆಂಟಿ ಕೂಗಿದಳು. “ಏನಿದು, ಉಪ್ಪಿನಂಗಡಿ ಇಟ್ಟಿದೀರಾ ಇಲ್ಲಿ? ಯಾರು ತೊಳೀತಿರೋದು ಇದನ್ನ?”

“ಕಾಹು ತೊಳೀತಾಳೆ, ಪ್ರತಿ ವಾರ,” ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದ ಕೋರೊ ಹೇಳಿದ. “ನನ್ನ ಮೊಮ್ಮಗಳು ಕೆಲಸದಲ್ಲಿ ಮೋಸ ಮಾಡೋಳಲ್ಲ.”

ಬೈದಿದ್ದರೆ ಕಾಹು ತಡೆದುಕೊಳ್ಳುತ್ತಿದ್ದಳೋ ಏನೋ. ಹೊಗಳಿದ್ದನ್ನು ತಡೆಯಲು ಆಗಲಿಲ್ಲ. ಟಾರ್ಚ್ ಕೆಳಗಿಟ್ಟು ಗೊಳೋ ಎಂದು ಅತ್ತುಬಿಟ್ಟಳು.

“ನಾನು ತೊಳ್ದಿಲ್ಲ ಕೋರೊ. ಮೂರು ವಾರ ತೊಳ್ದಿಲ್ಲ. ಸುಳ್ಳು ಹೇಳ್ದೆ.”

“ನೀರಿನ ಸದ್ದು ಕೇಳಿಸ್ತಿತ್ತಲ್ಲೇ?”

“ಹುಲ್ಲಿಗೆ ಬಿಟ್ಟಿದ್ದೆ.”

ಗಾಡಿಯ ಕೆಳಗಿನಿಂದ ಕಿಸಕ್ ಎಂದು ನಗು ಕೇಳಿಸಿತು. “ಮಳೆಗಾಲದಲ್ಲಿ ಹುಲ್ಲಿಗೆ ನೀರು ಬಿಟ್ಟೋಳು ಇಡೀ ದೇಶದಲ್ಲಿ ನೀನೊಬ್ಳೇ ಕಣೇ!”

ಕೋರೊ ನಗಲಿಲ್ಲ. ಮೆಟ್ಟಿಲಿನಿಂದ ಎದ್ದು ಬಂದು ತನ್ನ ದೊಡ್ಡ ಅಂಗೈಯಿಂದ ಅವಳ ಕೆನ್ನೆ ಒರೆಸಿದ.

“ಇಷ್ಟು ದಿನ ಇದನ್ನ ಒಬ್ಳೇ ಹೊತ್ಕೊಂಡು ತಿರುಗ್ತಿದ್ಯಾ? ಬಾ, ಬಾ.”

“ಅಳೋದನ್ನ ಆಮೇಲಕ್ಕೆ ಇಟ್ಕೊ,” ಎಂದಳು ಆಂಟಿ. “ಉಪ್ಪು ಕಂಡ ತಕ್ಷಣ ಉಪ್ಪೇ ಕಳ್ಳ ಅಂದ್ಬಿಡೋಕಾಗಲ್ಲ. ಹಿಡಿ ಟಾರ್ಚು.”

ಹಿಂದಿನ ಚಕ್ರಗಳ ನಡುವೆ ಒಂದು ಕ್ಲಚ್ ಇತ್ತು. ಗಾಡಿಯ ಕಂಪ್ಯೂಟರಿನಿಂದ ಅದಕ್ಕೆ ಕರೆಂಟ್ ಬಂದರೆ ಹಿಂದಿನ ಚಕ್ರಗಳೂ ಎಳೆಯುತ್ತವೆ, ಬರದಿದ್ದರೆ ಇಲ್ಲ. ಆಂಟಿ ಅದರ ಪ್ಲಗ್ ಬಿಚ್ಚಿ ಕಾಹುವಿಗೆ ತೋರಿಸಿದಳು. ಹೊರಗೆಲ್ಲ ಉಪ್ಪು. ಒಳಗೆ ಮಾತ್ರ ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು.

“ನೋಡು, ರಬ್ಬರ್ ತಡೆದಿದೆ. ಉಪ್ಪು ಬಾಗಿಲವರೆಗೆ ಬಂದು ವಾಪಸ್ ಹೋಗಿದೆ. ಈ ಸಲ ಬಚಾವಾದೆ, ತಪ್ಪು ನಿಂದಲ್ಲ.”

ಕಾಹುವಿಗೆ ಉಸಿರು ಬಂತು. “ಹಾಗಾದ್ರೆ ಯಾರ್ದು?”

“ಅದನ್ನೇ ಕೇಳೋಣ.” ಆಂಟಿ ಲ್ಯಾಪ್‌ಟಾಪಿನಿಂದ ಕ್ಲಚ್ಚಿಗೆ ಕರೆಂಟ್ ಕಳಿಸಿ, ಪ್ಲಗ್ಗಿಗೆ ಮೀಟರ್ ಹಿಡಿದಳು. ಹನ್ನೆರಡು ವೋಲ್ಟ್ ಎಂದು ತೋರಿಸಿತು.

“ಕರೆಂಟ್ ಬರ್ತಿದ್ಯಲ್ಲ ಆಂಟಿ!”

“ಮೀಟರ್ ಮುಂದೆ ಎಲ್ಲಾ ವೈರೂ ಒಳ್ಳೇದೇ. ಕೆಲಸ ಕೊಟ್ಟು ನೋಡ್ಬೇಕು.” ಆಂಟಿ ಅದೇ ಪ್ಲಗ್ಗಿಗೆ ಒಂದು ಬಲ್ಬ್ ಸಿಕ್ಕಿಸಿದಳು. ಬಲ್ಬು ಜ್ವರ ಬಂದವರ ಹಾಗೆ ಮಂಕಾಗಿ ಮಿಣುಕಿತು. “ಹಾಂ, ಸಿಕ್ಬಿದ್ದ! ದಾರೀಲಿ ಎಲ್ಲೋ ವೈರು ಗಾಯ ಮಾಡ್ಕೊಂಡಿದೆ.”

ವೈರಿನ ಜಾಡು ಹಿಡಿದು ಇಬ್ಬರೂ ಡಿಕ್ಕಿಯವರೆಗೆ ಬಂದರು. ಆಂಟಿ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಕಿತ್ತಳು. ಒಳಗೆ ವೈರುಗಳ ಒಂದು ಕಟ್ಟು ಇತ್ತು. ಅದರಲ್ಲಿ ಒಂದು ವೈರನ್ನು, ವೈರಿಗೆ ವೈರು ಸೇರಿಸುವ ನೀಲಿ ಕ್ಲಿಪ್ಪೊಂದು ಕಚ್ಚಿ ಹಿಡಿದಿತ್ತು. ಅದು ಕಚ್ಚಿದ ಜಾಗದಲ್ಲಿ ತಾಮ್ರದ ಎಳೆಗಳು ತುಂಡಾಗಿ, ಎರಡೋ ಮೂರೋ ಮಾತ್ರ ಉಳಿದಿದ್ದವು.

“ಇದ್ಯಾರ ಕೈಚಳಕ?”

“ನಂದೇ,” ಎಂದ ಕೋರೊ. “ಹೋದ ತಿಂಗಳು ಟ್ರೇಲರ್ ದೀಪಕ್ಕೆ ಹೊಸ ವೈರು ಎಳೆದ್ನಲ್ಲ, ಆಗ ಹಾಕಿದ್ದು. ಟ್ರೇಲರಿನ ಕಂದು ವೈರನ್ನ ಗಾಡಿಯ ಕಂದು ವೈರಿಗೆ ಸೇರಿಸಿದೀನಿ. ನಲವತ್ತು ವರ್ಷದಿಂದ ಮಾಡ್ತಿರೋ ಕೆಲಸ, ನನಗೇ ಪಾಠ ಹೇಳ್ತೀಯಾ?”

“ಯಾವುದಪ್ಪ ಕಂದು?”

“ಇದೇ, ಇನ್ಯಾವುದು?” ಕೋರೊ ಬೆರಳಿಟ್ಟು ತೋರಿಸಿದ.

ಅವನು ತೋರಿಸಿದ್ದು ಕ್ಲಚ್ಚಿಗೆ ಹೋಗುವ ಹಸಿರು ವೈರು. ಕಡು ಹಸಿರು. ಕಂದು ವೈರು ಅದರ ಪಕ್ಕದಲ್ಲೇ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ.

ಕಾಹು ಬಾಯಿ ತೆರೆದಳು. ಆಂಟಿ ಮೆಲ್ಲಗೆ ಅವಳ ಭುಜ ಒತ್ತಿದಳು.

“ಇಲ್ಲಿ ಬೆಳಕು ಸಾಲ್ದು,” ಎಂದ ಕೋರೊ.

ಮೋಡ ಸರಿದು ಒಳ್ಳೆಯ ಬಿಸಿಲು ಬಿದ್ದಿತ್ತು. ಆದರೂ ಕಾಹು ಟಾರ್ಚ್ ತಂದು ಹತ್ತಿರ ಹಿಡಿದಳು. ಕೋರೊ ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ಟೋಪಿ ತೆಗೆದು ಡಿಕ್ಕಿಯ ಅಂಚಿನಲ್ಲಿ ಕುಳಿತುಬಿಟ್ಟ.

“ಎರಡೂ ಒಂದೇ ಥರ ಕಾಣುತ್ತೆ ಪೇತಿ.”

“ಎಷ್ಟು ದಿನದಿಂದ ಅಪ್ಪ?”

“ಕ್ರಿಸ್‌ಮಸ್ ಆದಾಗಿಂದ. ಎಲ್ಲಾ ಮಂಜು ಮಂಜು.”

“ಒಂದು ಮಾತು ಹೇಳಬಾರ್ದಾ? ಅಲ್ಲ, ಈ ಕಣ್ಣಲ್ಲಿ ಇವಳನ್ನ ಕೂರಿಸ್ಕೊಂಡು ಗಾಡಿ ಓಡಿಸ್ತಿದ್ಯಾ?” ಆಂಟಿಗೆ ಸಿಟ್ಟು ಬಂದಿತ್ತು. ಕಣ್ಣಲ್ಲಿ ನೀರೂ ಬಂದಿತ್ತು.

“ಸೆಪ್ಟೆಂಬರಿಗೆ ಎಪ್ಪತ್ತೈದು ತುಂಬುತ್ತೆ. ಲೈಸೆನ್ಸಿಗೆ ಡಾಕ್ಟರ್ ಸಹಿ ಬೇಕು. ಹೇಳಿದ್ರೆ ನೀವೆಲ್ಲ ಕೀಲಿ ಕಿತ್ಕೊಳ್ತೀರಿ. ಆಮೇಲೆ ಶನಿವಾರ ನಾನೂ ನನ್ನ ಮೊಕೊನೂ ಏನು ಮಾಡೋದು?”

ಕಾಹು ಕೋರೊನನ್ನೇ ನೋಡಿದಳು. ಒಂದು ವಾರ ಮನಸ್ಸಿನಲ್ಲಿ ಒಂದು ಗುಟ್ಟು ಇಟ್ಟುಕೊಂಡದ್ದಕ್ಕೇ ತನಗೆ ಊಟ ಸೇರಿರಲಿಲ್ಲ. ಕೋರೊ ಕ್ರಿಸ್‌ಮಸ್ಸಿನಿಂದ ಇಟ್ಟುಕೊಂಡಿದ್ದ. ಅವಳು ಹೋಗಿ ಅವನ ಪಕ್ಕದಲ್ಲಿ ಒತ್ತಿಕೊಂಡು ಕುಳಿತಳು.

“ಹೆದರಿಕೆ ಆಗಿತ್ತಾ ಕೋರೊ?”

“ಹೂಂ. ಸ್ವಲ್ಪ. ಅಲ್ಲಲ್ಲ, ಜಾಸ್ತೀನೇ.”

ಆಂಟಿ ಮೂಗು ಒರೆಸಿಕೊಂಡಳು. “ಪೊರೆ ಬಂದಿರ್ಬೇಕು. ಆಪರೇಷನ್ ಮಾಡಿದ್ರೆ ಹೋಗುತ್ತೆ. ಸೋಮವಾರ ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಕಣ್ಣು ಸರಿಹೋಗೋ ತನಕ ಕೀಲಿ ನನ್ನ ಹತ್ರ. ಶನಿವಾರ ನಾನೇ ಬಂದು ಗಾಡಿ ಓಡಿಸ್ತೀನಿ. ಆದ್ರೆ ಕೇಳಿಸ್ಕೊ, ದೊಡ್ಡ ಮೀನು ನಂಗೆ.”

“ಯಾವುದು ದೊಡ್ಡದು ಅಂತ ನಂಗೆ ಕಂಡ್ರೆ ತಾನೆ?” ಎಂದ ಕೋರೊ. ಮೂವರೂ ನಕ್ಕರು.

ಆಂಟಿ ಗಾಯವಾದ ತುಂಡನ್ನು ಕತ್ತರಿಸಿ ಹೊಸ ವೈರು ಸೇರಿಸಿದಳು. ಬಲ್ಬು ಈಗ ಕಣ್ಣು ಕುಕ್ಕುವಂತೆ ಉರಿಯಿತು. ಪ್ಲಗ್ಗನ್ನು ಮತ್ತೆ ಕ್ಲಚ್ಚಿಗೆ ಹಾಕಿದ ಮೇಲೆ, ಕಾಹು ಯಾರೂ ಹೇಳದೆಯೇ ಪೈಪ್ ಎಳೆದು ತಂದು ಗಾಡಿಯ ಹೊಟ್ಟೆಯನ್ನು ಅರ್ಧ ಗಂಟೆ ತೊಳೆದಳು. ಹುಲ್ಲಿಗೆ ಒಂದು ಹನಿಯನ್ನೂ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಗುಡ್ಡ ಹತ್ತಿಸಿ ನೋಡಲು ಹೊರಟರು. ಆಂಟಿ ಸ್ಟೀರಿಂಗ್ ಹಿಡಿದಳು. ಕೋರೊ ಹಿಂದಿನ ಸೀಟಿನಲ್ಲಿ ಕಾಹುವಿನ ಪಕ್ಕ ಕುಳಿತ. ತನ್ನ ಗಾಡಿಯಲ್ಲಿ ಅವನು ಹಿಂದೆ ಕುಳಿತದ್ದು ಇದೇ ಮೊದಲು, ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅರ್ಧ ಗುಡ್ಡದಲ್ಲಿ ಮುಂದಿನ ಚಕ್ರ ಒಮ್ಮೆ ಜಾರಿತು. ಕಾಹು ಉಸಿರು ಬಿಗಿಹಿಡಿದಳು. ಅಷ್ಟರಲ್ಲಿ ಹಿಂದಿನ ಚಕ್ರಗಳು ಮಣ್ಣು ಕಚ್ಚಿ ಗಾಡಿಯನ್ನು ಮೇಲಕ್ಕೆ ತಳ್ಳಿದವು.

ತುದಿಯಲ್ಲಿ ಆಂಟಿ ಗಾಡಿ ನಿಲ್ಲಿಸಿದಳು. ಕೆಳಗೆ ಉದ್ದಕ್ಕೂ ಸಮುದ್ರ.

“ಸಮುದ್ರ ಹೇಗಿದೆ ಮೊಕೊ?” ಎಂದು ಕೇಳಿದ ಕೋರೊ.

ಎಷ್ಟೋ ತಿಂಗಳಿಂದ ಇಲ್ಲಿಗೆ ಬಂದಾಗಲೆಲ್ಲ ಅವನು ಇದನ್ನೇ ಕೇಳುತ್ತಿದ್ದ. ಸ್ಕೂಲಿನ ಟೀಚರ್ ಹಾಗೆ ಟೆಸ್ಟ್ ಮಾಡುತ್ತಿದ್ದಾನೆ ಎಂದುಕೊಂಡಿದ್ದಳು ಕಾಹು. “ಚೆನ್ನಾಗಿದೆ” ಎಂದು ತಲೆಯೆತ್ತದೆ ಹೇಳಿಬಿಡುತ್ತಿದ್ದಳು.

ಇವತ್ತು ಅವಳು ಕಿಟಕಿ ಪೂರ್ತಿ ಇಳಿಸಿ ನೋಡಿದಳು.

“ದಡದ ಹತ್ರ ನೊರೆ ಜಾಸ್ತಿ ಇದೆ ಕೋರೊ. ಬಂಡೆಯ ಎಡಕ್ಕೆ ಅಲೆ ಒಡೀತಿಲ್ಲ, ನೀರು ಅಲ್ಲಿ ಕಪ್ಪಗಿದೆ. ಹಕ್ಕಿಗಳಿವೆ. ತಡಿ, ಎಣಿಸ್ತೀನಿ. ಒಂಬತ್ತು, ಹತ್ತು, ಹನ್ನೊಂದು. ಎಲ್ಲಾ ಮೀನಿಗೆ ಒಂದೇ ಕಡೆ ಧುಮುಕ್ತಿವೆ.”

ಕೋರೊ ಮುಂದಕ್ಕೆ ಬಾಗಿದ. “ಯಾವ ಕಡೆ?”

ಕಾಹು ಅವನ ಕೈ ಹಿಡಿದು, ಬೆರಳನ್ನು ನಿಧಾನವಾಗಿ ಹಕ್ಕಿಗಳ ಕಡೆಗೆ ತಿರುಗಿಸಿದಳು.